ಹಂಝನ ವ್ಯಾನಿನಲ್ಲಿ ಕೊರಿಯಾದ ಕರಬೂಜ

ಫ್ರೀಜರ್ ಗೋದಾಮಿನ ಕೆಲಸಕ್ಕೆ ಸೇರಲು ಹೊರಟವರು ನನ್ನನ್ನು ಮೊದಲು ಕೇಳುವುದು ಚಳಿಯ ಬಗ್ಗೆ. ಚಳಿಯನ್ನು ತಡೆದುಕೊಳ್ಳಬಹುದು. ದಪ್ಪ ಜಾಕೆಟ್ ಕೊಡುತ್ತಾರೆ, ಕೈಗವಸು ಕೊಡುತ್ತಾರೆ. ಕಷ್ಟವಾಗುವುದು ಬಾಗಿಲಿನಲ್ಲಿ. ಒಳಗಿನ ಮೈನಸ್ ಇಪ್ಪತ್ತರಿಂದ ಬಹರೈನಿನ ಹಿದ್‌ನ ಆಗಸ್ಟ್ ತಿಂಗಳ ಬಿಸಿಲಿಗೆ ಹೆಜ್ಜೆ ಇಟ್ಟ ಕೂಡಲೇ ಕನ್ನಡಕ ಬೆಳ್ಳಗಾಗಿ ಎದುರಿಗಿದ್ದವರು ಕಾಣಿಸುವುದಿಲ್ಲ. ಆ ಹೊತ್ತಿನಲ್ಲಿ ಯಾರು ಏನು ಹೇಳಿದರು ಎಂಬುದು ಕೇಳಿಸುತ್ತದೆ, ಹೇಳುವಾಗ ಅವರ ಮುಖ ಹೇಗಿತ್ತು ಎಂಬುದು ತಿಳಿಯುವುದಿಲ್ಲ. ನನ್ನ ನೆನಪುಗಳಲ್ಲಿ ಹೆಚ್ಚಿನವು ಇಂಥವು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬೀಳ್ಕೊಡುಗೆಯ ದಿನ ಕಂಪನಿಯವರು ನನ್ನ ಕೆಲಸದ ಬದುಕನ್ನು ಒಂದು ನೇರವಾದ ಏಣಿಯ ಹಾಗೆ ವರ್ಣಿಸಿದರು. ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದ ಕಿನ್ನಿಗೋಳಿಯ ಲೀನಾ ಡಿಸೋಜ ಗೋದಾಮಿನ ದಾಸ್ತಾನಿನ ಉಸ್ತುವಾರಿಯಾದಳು, ಎಂಥ ಸಾಧನೆ, ಇತ್ಯಾದಿ. ಚಪ್ಪಾಳೆ ಬಿತ್ತು, ಕೇಕ್ ಕತ್ತರಿಸಿದೆವು. ಆ ಏಣಿ ಎಲ್ಲಿತ್ತೋ ನನಗೆ ಗೊತ್ತಿಲ್ಲ. ನನ್ನ ಹತ್ತಿರ ಇರುವುದು ಚೂರುಗಳು. ಅವುಗಳಲ್ಲಿ ಒಂದು ಚೂರು ಉಳಿದವನ್ನೆಲ್ಲ ತನ್ನ ಕಡೆಗೆ ಎಳೆಯುತ್ತದೆ. ನಮ್ಮ ವ್ಯಾನ್ ಸೇಲ್ಸ್‌ಮನ್ ಹಂಝನ ಮಗಳು ಸಫಾ, ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಯನ್ನು ಬಹರೈನಿನಲ್ಲಿ ತನ್ನ ಶಾಲೆಯಲ್ಲಿ ಬರೆಯಬೇಕಿತ್ತು. ಆ ಪರೀಕ್ಷೆಗೂ ಒಂದು ಐಸ್‌ಕ್ರೀಮಿಗೂ ಸಂಬಂಧ ಬಂತು. ಅದನ್ನು ಬರೆಯುತ್ತೇನೆ.

ಕೊರಿಯಾದ ಕರಬೂಜದ ಐಸ್‌ಕ್ರೀಮ್ ಬಾರ್ ಮೊದಲ ಸಲ ಬಂದಾಗ ಗೋದಾಮಿನಲ್ಲಿ ಯಾರಿಗೂ ಅದರ ಮೇಲೆ ನಂಬಿಕೆ ಇರಲಿಲ್ಲ. ತಿಳಿಹಸಿರು ಬಣ್ಣ, ಇಟ್ಟಿಗೆಯ ಹಾಗೆ ಚೌಕ, ಕೆಳಗೊಂದು ಕಡ್ಡಿ. ಹೊಸ ಮಾಲು ಬಂದರೆ ಒಂದು ಪೆಟ್ಟಿಗೆ ಒಡೆದು ಎಲ್ಲರೂ ರುಚಿ ನೋಡುವ ಪದ್ಧತಿ ನಮ್ಮಲ್ಲಿತ್ತು. ಮ್ಯಾನೇಜರ್ ಜಯಶೀಲ ಶೆಟ್ಟರು ಒಂದು ತುಂಡು ಕಚ್ಚಿ ಮುಖ ಕಿವುಚಿದರು.

"ಎಂಥದ್ದು ಮಾರಾಯ್ರೆ ಇದು? ಸೋಪಿನ ಬಣ್ಣ. ಇದನ್ನು ಬಹರೈನಿನವರು ತಿನ್ನುದಾ?"

ಹಂಝ ನಿಧಾನವಾಗಿ ಚೀಪುತ್ತಿದ್ದ. ಉಳ್ಳಾಲದ ಬ್ಯಾರಿ ಅವನು, ತಿನ್ನುವ ವಿಷಯದಲ್ಲಿ ಅವಸರ ಮಾಡುವವನಲ್ಲ.

"ಇದು ಕರಬೂಜ ಸರ್. ನಮ್ಮ ಊರಲ್ಲಿ ಉಪವಾಸ ಬಿಡ್ಲಿಕ್ಕೆ ಕರಬೂಜದ ಜ್ಯೂಸ್ ಮಾಡುದಿಲ್ವಾ, ಹಾಲು ಹಾಕಿ? ಅದನ್ನೇ ಗಟ್ಟಿ ಮಾಡಿದ್ದಾರೆ. ಹೋಗ್ತದೆ. ನೀವು ನೋಡಿ ಬೇಕಾದ್ರೆ."

"ಹೋಗದಿದ್ರೆ ನಿನ್ನ ಮನೆಗೆ ಕಳಿಸ್ತೇನೆ ಪೂರಾ ಕಂಟೈನರ್."

"ಕಳಿಸಿ ಸರ್. ಮಗಳಿಗೆ ಖುಷಿ. ಅವಳು ಆ ಕೊರಿಯಾದ ಸೀರಿಯಲ್ ನೋಡಿ ನೋಡಿ ಅವರ ಅಕ್ಷರ ಓದ್ಲಿಕ್ಕೂ ಕಲ್ತಿದ್ದಾಳೆ."

ಹೋಯಿತು. ಎಷ್ಟು ಹೋಯಿತೆಂದರೆ, ಬಂದರಿನಿಂದ ಕಂಟೈನರ್ ಬರುವ ಮೊದಲೇ ಸನದ್ ಬಡಾವಣೆಯ ಅಂಗಡಿಯವರು ಫೋನ್ ಮಾಡತೊಡಗಿದರು. ಇಲ್ಲಿ ಬೀದಿ ಬದಿಯ ಕಿರಾಣಿ ಅಂಗಡಿಗೆ ಕೋಲ್ಡ್ ಸ್ಟೋರ್ ಎನ್ನುತ್ತಾರೆ. ಗಿರಾಕಿಗಳು ಕಾರಿನಿಂದ ಇಳಿಯುವುದಿಲ್ಲ. ಅಂಗಡಿಯ ಎದುರು ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ, ಒಳಗಿದ್ದವನು ಓಡಿ ಬಂದು ಕಿಟಕಿಯಲ್ಲಿ ಕೇಳಿ, ಓಡಿ ಹೋಗಿ ತಂದುಕೊಡುತ್ತಾನೆ. ಶಾಲೆ ಬಿಡುವ ಹೊತ್ತಿಗೆ ಆ ಹಾರ್ನುಗಳೆಲ್ಲ ಹಸಿರು ಬಾರಿಗಾಗಿ ಎಂದು ಹಂಝ ಹೇಳುತ್ತಿದ್ದ. ನಾನು ಅದನ್ನು ಕಣ್ಣಾರೆ ಕಂಡ ಹಾಗೆ ಬರೆಯಬಲ್ಲೆ, ಆದರೆ ನಾನು ಕಂಡದ್ದಲ್ಲ, ಅವನು ಹೇಳಿದ್ದು. ಅವನ ಮಾತಿನಲ್ಲಿ ಎಲ್ಲವೂ ಸ್ವಲ್ಪ ದೊಡ್ಡದಾಗುತ್ತಿತ್ತು.

ಹೊಸಬರಿಗೆ ಕೈಯ ವಿದ್ಯೆಯನ್ನೂ ಹೇಳಬೇಕು. ಕವರಿನ ಹೊರಗಿನಿಂದಲೇ ಬಾರಿನ ಮೂಲೆಗಳನ್ನು ಬೆರಳಿನಿಂದ ಸವರಿ ನೋಡಿ. ಮೂಲೆ ಚೂಪಾಗಿದ್ದರೆ ಅದು ಕೊರಿಯಾದಿಂದ ಇಲ್ಲಿಯ ತನಕ ಒಮ್ಮೆಯೂ ಕರಗಿಲ್ಲ. ಮೂಲೆ ದುಂಡಗಾಗಿದ್ದರೆ, ಕಡ್ಡಿ ಓರೆಯಾಗಿದ್ದರೆ, ಎಲ್ಲೋ ಕರಗಿ ಪುನಃ ಗಟ್ಟಿಯಾಗಿದೆ. ತಿಂದರೆ ಹಲ್ಲಿಗೆ ಮರಳು ಸಿಕ್ಕಿದ ಹಾಗೆ. ಎಲ್ಲಿ ಕರಗಿತು ಎಂಬುದನ್ನು ಮಾತ್ರ ಮೂಲೆ ಹೇಳುವುದಿಲ್ಲ. ಹಡಗಿನಲ್ಲೋ, ನಮ್ಮಲ್ಲೋ, ವ್ಯಾನಿನಲ್ಲೋ, ಕರೆಂಟು ಉಳಿಸಲಿಕ್ಕೆಂದು ರಾತ್ರಿ ಫ್ರೀಜರ್ ಆಫ್ ಮಾಡುವ ಅಂಗಡಿಯಲ್ಲೋ. ತಪ್ಪು ಯಾವಾಗಲೂ ಕೊನೆಗೆ ಮುಟ್ಟಿದವನ ತಲೆಯ ಮೇಲೆ ಬರುತ್ತಿತ್ತು. ಕೊನೆಗೆ ಮುಟ್ಟಿದವನು ಹೆಚ್ಚಾಗಿ ವ್ಯಾನಿನವನು.

ವ್ಯಾನ್ ತುಂಬುವುದಕ್ಕೂ ಒಂದು ಕ್ರಮ ಉಂಟು. ಹೆಚ್ಚು ಖರ್ಚಾಗುವ ಮಾಲನ್ನು ಬಾಗಿಲ ಹತ್ತಿರ ಇಡುವುದು, ಅಪರೂಪಕ್ಕೆ ಕೇಳುವುದನ್ನು ಒಳಗೆ ತಳ್ಳುವುದು. ಪ್ರತಿ ಅಂಗಡಿಯಲ್ಲೂ ಬಾಗಿಲು ತೆರೆಯುತ್ತದೆ, ಬಿಸಿಗಾಳಿ ಮೊದಲು ಹೊಡೆಯುವುದು ಬಾಗಿಲ ಹತ್ತಿರದ ಪೆಟ್ಟಿಗೆಗೆ. ಹಾಗಾಗಿ ಎಲ್ಲರೂ ಬಯಸುವ ಮಾಲೇ ಮೊದಲು ಹಾಳಾಗುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಬೇರೆ ದಾರಿ ಇರಲಿಲ್ಲ. ಕೋಳಿಯ ಪ್ಯಾಕೆಟುಗಳ ಹಿಂದೆ ಐಸ್‌ಕ್ರೀಮ್ ಇಟ್ಟರೆ ಪ್ರತಿ ಅಂಗಡಿಯಲ್ಲೂ ಅರ್ಧ ವ್ಯಾನ್ ಖಾಲಿ ಮಾಡಬೇಕಾಗುತ್ತದೆ.

ಆಮೇಲೆ ಹೊಸ ಪದ್ಧತಿ ಬಂತು. ಪ್ರತಿ ವ್ಯಾನಿನೊಳಗೆ ತುದಿಯಲ್ಲಿ ಉಕ್ಕಿನ ಗುಂಡಿ ಇರುವ ಒಂದು ತಂತಿಯನ್ನು ಬಾಗಿಲ ಮೇಲೆ ನೇತು ಹಾಕಿದರು. ಅದು ಒಳಗಿನ ಶಾಖವನ್ನು ಅಳೆದು ಚಾಲಕನ ಫೋನಿಗೂ ಶೆಟ್ಟರ ಫೋನಿಗೂ ಕಳಿಸುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಅಂಕಿ ಏರುತ್ತಿತ್ತು, ಏರಿದಾಗಲೆಲ್ಲ ಅಲಾರಾಂ ಬಡಿಯುತ್ತಿತ್ತು. ದೊಡ್ಡ ಹೈಪರ್‌ಮಾರ್ಕೆಟಿನವರಿಗೂ ಅದರ ವರದಿ ಹೋಗುತ್ತಿತ್ತು, ಅವರು ಶೆಟ್ಟರನ್ನು ಬಯ್ಯುತ್ತಿದ್ದರು. ಕೋಲ್ಡ್ ಸ್ಟೋರ್‌ಗಳ ದಾರಿಯಲ್ಲಿ ಬಾಗಿಲು ತೆರೆಯದೆ ಮಾಲು ಇಳಿಸುವುದು ಹೇಗೆ ಎಂದು ಯಾರೂ ಹೇಳಿಕೊಡಲಿಲ್ಲ.

ಶೆಟ್ಟರು ಕೆಟ್ಟವರಲ್ಲ. ಇದನ್ನು ಸ್ಪಷ್ಟವಾಗಿ ಬರೆಯದಿದ್ದರೆ ಮುಂದಿನದ್ದು ಸುಳ್ಳಾಗುತ್ತದೆ. ನನ್ನ ಗಂಡ ಆಲ್ಬನ್ ಆಸ್ಪತ್ರೆಯಲ್ಲಿದ್ದಾಗ ದಿನಾ ಸಂಜೆ ಬಂದು ಕೂತಿದ್ದವರು ಅವರು. ಚೌತಿಗೆ ಕಡುಬು, ಕ್ರಿಸ್ಮಸಿಗೆ ನನ್ನಿಂದ ಕುಸ್ವಾರ್ ತಿಂಡಿಗಳ ವಸೂಲಿ. ಅವರಿಗೆ ಇದ್ದ ಒಂದೇ ಭಯ, ಅರ್ಬಾಬ್ ಕರೆದು ಕೇಳುವುದು. ಅರ್ಬಾಬ್ ಎಂದರೆ ನಮ್ಮ ಧಣಿ. ಅವರು ಗೋದಾಮಿಗೆ ಬರುತ್ತಿದ್ದುದೇ ಕಡಿಮೆ. ಹಾಗಾಗಿ ಭಯ ಇನ್ನೂ ಜಾಸ್ತಿ.

ಒಂದು ಬೆಳಿಗ್ಗೆ ಲೋಡಿಂಗ್ ಕಟ್ಟೆಯಲ್ಲಿ ಶೆಟ್ಟರ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವರು ಹಂಝನಿಗೆ ತುಳುವಿನಲ್ಲಿ ಹೇಳಿದರು. ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ:

"ಆ ವಯರನ್ನು ಕೋಳಿಗಳ ನಡುವೆ ಮಲಗಿಸಿಬಿಡು ಮಾರಾಯ. ಅದಕ್ಕೂ ನಿದ್ರೆ, ನನಗೂ ನಿದ್ರೆ."

ನಾನು ಫ್ರೀಜರಿನಿಂದ ಆಗಷ್ಟೇ ಹೊರಗೆ ಬಂದಿದ್ದೆ. ಕನ್ನಡಕ ಬೆಳ್ಳಗಾಗಿತ್ತು. ಮಾತು ಕೇಳಿಸಿತು, ಮುಖ ಕಾಣಲಿಲ್ಲ.

ಹಂಝ ಮಲಗಿಸಿದ. ಒಂದು ವಾರದೊಳಗೆ ಉಳಿದ ವ್ಯಾನಿನವರೂ ಮಲಗಿಸಿದರು. ಗಟ್ಟಿ ಕಲ್ಲಿನಂಥ ಕೋಳಿಯ ಪ್ಯಾಕೆಟುಗಳ ನಡುವೆ ಸಿಕ್ಕಿಸಿದ ತಂತಿಗೆ ಬಾಗಿಲು ತೆರೆದದ್ದು ಗೊತ್ತೇ ಆಗುತ್ತಿರಲಿಲ್ಲ. ಅಲಾರಾಂ ನಿಂತಿತು. ವರದಿಗಳು ಎಷ್ಟು ಚೆನ್ನಾಗಿ ಬರತೊಡಗಿದವೆಂದರೆ ಅರ್ಬಾಬ್ ಶೆಟ್ಟರಿಗೆ ಶಹಬಾಸ್ ಹೇಳಿದರು. ನಾನು ಒಮ್ಮೆ ಹಂಝನನ್ನು ಕೇಳಿದೆ.

"ಇದು ಸರಿಯಾ ಹಂಝ? ನಾಳೆ ನಿಜವಾಗಿ ಮೆಷಿನ್ ಕೆಟ್ಟರೆ?"

"ನನ್ನ ಕೈ ಉಂಟಲ್ಲ ಲೀನಕ್ಕ. ಪ್ರತಿ ಅಂಗಡಿಯಲ್ಲಿ ಬಾರ್ ಒತ್ತಿ ನೋಡ್ತೇನೆ. ಇಷ್ಟು ವರ್ಷ ವಯರ್ ನೋಡಿಯಾ ನಾನು ಮಾಲು ಕೊಟ್ಟದ್ದು?"

ಅದು ನಿಜವಾಗಿತ್ತು. ಅವನ ಕೈ ಇದ್ದಲ್ಲಿ ತಂತಿ ಬೇಕಿರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಹೈಪರ್‌ಮಾರ್ಕೆಟ್ ಕೊರಿಯಾದ ತಿನಿಸುಗಳ ಮೇಳ ಇಟ್ಟಿತು. ಹಂಝನ ವ್ಯಾನಿನಲ್ಲಿ ಬಾಗಿಲ ಕಡೆಗೆ ಪೂರಾ ಕರಬೂಜದ ಬಾರ್ ತುಂಬಿಸಿದೆವು, ಹಿಂದೆ ಅದೇ ಅಂಗಡಿಗೆ ಕೋಳಿ. ಆ ಅಂಗಡಿಯ ನಿಯಮ, ಬಾಗಿಲಿಗೆ ನಮ್ಮ ಸೀಲ್ ಬೀಳಬೇಕು, ಅವರ ಗುಮಾಸ್ತನೇ ಅದನ್ನು ಕತ್ತರಿಸಬೇಕು. ಹಂಝ ಹೋದಾಗ ಮಾಲು ಇಳಿಸುವಲ್ಲಿ ಉದ್ದನೆಯ ಸಾಲು. ಮಧ್ಯಾಹ್ನದ ಬಿಸಿಲಿನಲ್ಲಿ ಎಂಜಿನ್ ಚಾಲೂ ಇಟ್ಟು ಗಂಟೆಗಟ್ಟಲೆ ಕಾದ. ಆ ಸಾಲಿನಲ್ಲಿರುವಾಗಲೇ ತಂಪು ಮಾಡುವ ಯಂತ್ರದ ಕಂಪ್ರೆಸರ್ ನಿಂತಿತು. ಫ್ಯಾನು ತಿರುಗುತ್ತಲೇ ಇದ್ದುದರಿಂದ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಸೀಲ್ ಇದ್ದುದರಿಂದ ಬಾಗಿಲು ತೆಗೆದು ಕೈಯಿಂದ ಒತ್ತಿ ನೋಡುವ ಹಾಗಿಲ್ಲ. ಅವನಿಗೆ ಉಳಿದದ್ದು ಫೋನು. ಅವನು ಫೋನು ನೋಡಿದ. ಮೈನಸ್ ಹತ್ತೊಂಬತ್ತು. ಪುನಃ ನೋಡಿದ. ಮೈನಸ್ ಹತ್ತೊಂಬತ್ತು. ಸಮಾಧಾನದಿಂದ ಮಗಳಿಗೆ ಫೋನ್ ಮಾಡಿ, ಅರ್ಧವಾರ್ಷಿಕ ಪರೀಕ್ಷೆಯ ಫಿಸಿಕ್ಸ್ ಹೇಗಾಯಿತೆಂದು ಕೇಳಿದ.

ತಾನೇ ಯಂತ್ರಕ್ಕೆ ಹೇಳಿಕೊಟ್ಟ ಸುಳ್ಳನ್ನು ಯಂತ್ರ ವಾಪಸು ಹೇಳಿತು, ಅವನು ನಂಬಿದ. ನನ್ನ ಇಡೀ ಕೆಲಸದ ಕಾಲದಲ್ಲಿ ಇದಕ್ಕಿಂತ ಸರಳವಾದ, ಇದಕ್ಕಿಂತ ಹೆಚ್ಚು ಹೊಟ್ಟೆ ಉರಿಸುವ ಘಟನೆ ಇಲ್ಲ.

ಗುಮಾಸ್ತ ಸೀಲ್ ಕತ್ತರಿಸಿದಾಗ ಪೆಟ್ಟಿಗೆಗಳ ತಳದಿಂದ ಹಸಿರು ಸೋರುತ್ತಿತ್ತಂತೆ. ಫೋಟೋ ತೆಗೆದರು, ಪೂರಾ ಮಾಲನ್ನು ತಿರಸ್ಕರಿಸಿದರು. ಆಮೇಲೆ ಒಳಗೆ ಹತ್ತಿ ಕೋಳಿಯ ಪ್ಯಾಕೆಟುಗಳನ್ನು ಸರಿಸಿದರು. ನಡುವೆ ತಂತಿ ಮಲಗಿತ್ತು. ಅದರದ್ದೂ ಫೋಟೋ ತೆಗೆದರು. ಮಾಲು ಹಾಳಾದದ್ದಕ್ಕೆ ಕ್ಷಮೆ ಇತ್ತು, ಯಂತ್ರ ಕೆಡುವುದು ಸಹಜ. ತಂತಿ ಸರಿಸಿದ್ದಕ್ಕೆ ಕ್ಷಮೆ ಇರಲಿಲ್ಲ.

ಆ ದಿನ ಸಂಜೆಯೊಳಗೆ ಉಳಿದ ಎಲ್ಲ ವ್ಯಾನುಗಳ ತಂತಿಗಳು ಬಾಗಿಲ ಮೇಲೆ ನೇತಾಡುತ್ತಿದ್ದವು, ಹುಟ್ಟಿದಂದಿನಿಂದ ಅಲ್ಲೇ ಇದ್ದ ಹಾಗೆ.

ವಿಚಾರಣೆ ನಡೆದದ್ದು ಡಿಪ್ಲೊಮ್ಯಾಟಿಕ್ ಏರಿಯಾದ ನಮ್ಮ ಹೆಡ್ ಆಫೀಸಿನಲ್ಲಿ. ಎಚ್‌ಆರ್‌ನ ಫಾತಿಮಾ ಎಂಬ ಬಹರೈನಿ ಹೆಂಗಸು, ಶೆಟ್ಟರು, ಹಂಝ, ನಾನು. ಹಂಝ ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಬಂದಿದ್ದ. ತಂತಿಯನ್ನು ತಾನೇ ಇಟ್ಟದ್ದೆಂದು ಒಪ್ಪಿಕೊಂಡ. ಯಾರು ಹೇಳಿದ್ದೆಂದು ಕೇಳಿದಾಗ ಶೆಟ್ಟರ ಹೆಸರು ತೆಗೆಯದೆ ಅಂಗಿಯ ತೋಳು ಸರಿಮಾಡಿಕೊಂಡ. ನಾನು ಹೇಳಿದೆ. ಕಟ್ಟೆಯ ಮೇಲೆ ಶೆಟ್ಟರು ಹೇಳಿದ ಮಾತನ್ನು ಮೊದಲು ತುಳುವಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲ ವ್ಯಾನುಗಳಲ್ಲೂ ಹೀಗೇ ಇತ್ತು ಎಂದೂ ಹೇಳಿದೆ. ಫಾತಿಮಾ ಉಳಿದ ವ್ಯಾನುಗಳ ಫೋಟೋಗಳನ್ನು ನನ್ನೆದುರು ತಿರುಗಿಸಿದರು. ಎಲ್ಲ ತಂತಿಗಳೂ ಬಾಗಿಲ ಮೇಲೆ.

ಶೆಟ್ಟರು ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವರು ಇಲ್ಲ ಎನ್ನಲಿಲ್ಲ.

"ಹೇಳಿದ್ದು ಹೌದು," ಎಂದರು. "ತಮಾಷೆಗೆ ಹೇಳಿದ್ದು. ವಯರಿಗೆ ನಿದ್ರೆ ಮಾಡಿಸು ಅಂದ್ರೆ ಅದು ತಮಾಷೆ ಅಲ್ದೆ ಮತ್ತೆಂಥ?" ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು, "ಬಾಯಮ್ಮ, ನೀವೇ ಹೇಳಿ. ನೀವೂ ನಗಾಡಿದ್ದಿರಿ ಅಲ್ವಾ?"

ನಾನು ನಕ್ಕಿದ್ದೆನೇ? ಈ ಪ್ರಶ್ನೆಯನ್ನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ ಈಗ ಆ ಬೆಳಿಗ್ಗೆ ಪೂರ್ತಿ ಸವೆದುಹೋಗಿದೆ. ಒಂದು ಆವೃತ್ತಿಯಲ್ಲಿ ನಾನು ಕನ್ನಡಕ ಒರೆಸುತ್ತಾ ನಗುತ್ತೇನೆ. ಇನ್ನೊಂದರಲ್ಲಿ ನಗುವವನು ಫೋರ್ಕ್‌ಲಿಫ್ಟಿನವನು. ಮೂರನೆಯದರಲ್ಲಿ ಯಾರೂ ನಗುವುದಿಲ್ಲ. ಶೆಟ್ಟರಿಗೂ ಅದು ತಮಾಷೆಯಾಗಿತ್ತೋ ಆಜ್ಞೆಯಾಗಿತ್ತೋ ನಿಜವಾಗಿ ನೆನಪಿತ್ತೆಂದು ನಾನು ನಂಬುವುದಿಲ್ಲ. ನೆನಪು ತನಗೆ ಬೇಕಾದವರ ಪರವಾಗಿ ಸಾಕ್ಷಿ ಹೇಳುತ್ತದೆ.

"ನಕ್ಕಿರಬಹುದು," ಎಂದೆ. "ಹಂಝ ನಗಲಿಲ್ಲ. ಅವನು ಹೋಗಿ ಹೇಳಿದ ಹಾಗೆ ಮಾಡಿದ. ಆಮೇಲೆ ಅಲಾರಾಂ ಯಾಕೆ ನಿಂತಿತೆಂದು ಶೆಟ್ಟರು ಒಮ್ಮೆಯೂ ಕೇಳಲಿಲ್ಲ."

ಫಾತಿಮಾ ಪೆನ್ನು ಕೆಳಗಿಟ್ಟರು. ಒಳ್ಳೆಯ ಹೆಂಗಸು, ನನ್ನನ್ನು ನಂಬಿದ್ದರು ಎಂದೇ ನನ್ನ ಭಾವನೆ. "ತಮಾಷೆಗೆ ಶಿಕ್ಷೆ ಕೊಡುವ ನಿಯಮ ನಮ್ಮಲ್ಲಿಲ್ಲ," ಎಂದರು. "ತಂತಿ ಸರಿಸಿದ್ದಕ್ಕೆ ಉಂಟು."

ಲಿಫ್ಟಿನಲ್ಲಿ ಕೆಳಗಿಳಿಯುವಾಗ ಹಂಝ ನನ್ನನ್ನೇ ಸಮಾಧಾನ ಮಾಡಿದ. "ಬಿಡಿ ಲೀನಕ್ಕ. ನಾನು ಚಿಕ್ಕ ಮಗುವಾ? ಹೇಳಿದ್ರೆ ಮಾಡುದಾ?"

ಹಂಝನನ್ನು ಕೆಲಸದಿಂದ ತೆಗೆದರು. ಅವನು ಕೇಳಿದ್ದು ಒಂದೇ. ಕೆಲಸ ವಾಪಸು ಬೇಕೆಂದು ಅವನು ಕೇಳಲೇ ಇಲ್ಲ. ವರ್ಷದ ಕೊನೆ ಹತ್ತಿರ ಬಂದಾಗ ಶೆಟ್ಟರ ಕೋಣೆಯ ಬಾಗಿಲಿನಲ್ಲಿ ನಿಂತು ಹೇಳಿದ:

"ಸರ್, ಕೆಲಸ ಬೇಡ. ಸಂಬಳ ಬೇಡ. ವೀಸಾ ಮಾತ್ರ ಪರೀಕ್ಷೆ ಮುಗಿಯುವ ತನಕ ಕ್ಯಾನ್ಸಲ್ ಮಾಡ್ಬೇಡಿ. ನನ್ನ ವೀಸಾ ಹೋದ್ರೆ ಮಗಳದ್ದೂ ಹೋಗ್ತದೆ. ಈಗ ಶಾಲೆ ಬದಲಿಸ್ಲಿಕ್ಕೆ ಆಗುದಿಲ್ಲ, ಬೋರ್ಡಿಗೆ ಅವಳ ಹೆಸರು ಇಲ್ಲಿಂದಲೇ ಹೋಗಿ ಆಗಿದೆ. ಒಂದು ವರ್ಷ ಹಾಳಾಗ್ತದೆ ಸರ್ ಮಗುವಿನದ್ದು."

"ಅರ್ಬಾಬ್ ಹತ್ರ ಮಾತಾಡ್ತೇನೆ," ಎಂದರು ಶೆಟ್ಟರು. ಅವರ ಕಣ್ಣು ತುಂಬಿತ್ತು. ಇದನ್ನು ನಾನು ನೋಡಿದ್ದೇನೆ, ಆ ದಿನ ಕನ್ನಡಕ ಸ್ವಚ್ಛವಾಗಿತ್ತು.

ಯಾರೂ ಇಲ್ಲ ಎನ್ನಲಿಲ್ಲ. ಅರ್ಬಾಬ್ ಊರಿನಲ್ಲಿಲ್ಲ ಎಂದರು. ಬಂದ ಮೇಲೆ, ಎಚ್‌ಆರ್ ನೋಡಿಕೊಳ್ಳುತ್ತದೆ ಎಂದರು. ಎಚ್‌ಆರ್‌ನವರು ಮಾಲಿನ ವಿಮೆಯ ವಿಷಯ ಮುಗಿಯದೆ ಈ ವಿಷಯ ಮುಗಿಯುವುದಿಲ್ಲ, ಅಲ್ಲಿಯವರೆಗೆ ಕಾಯಿರಿ ಎಂದರು. ಕಾಯುವುದು ಒಳ್ಳೆಯದೇ ಆಗಿತ್ತು, ಕಾದಷ್ಟೂ ಪರೀಕ್ಷೆ ಹತ್ತಿರ ಬರುತ್ತಿತ್ತು. ನಾವು ಎಲ್ಲರೂ ಮಾತಾಡದೆ, ಜೋರಾಗಿ ಉಸಿರಾಡದೆ ದಿನ ದೂಡಿದೆವು. ಆಫೀಸಿನವರು ನಮ್ಮನ್ನು ಮರೆತುಬಿಡಲಿ ಎಂದು ನಾನು ಸಿತ್ರಾ ದ್ವೀಪದ ಕಡೆಗೆ ಮುಖ ಮಾಡಿದ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತು ಜಪಮಾಲೆ ಹಿಡಿದು ತೇರ್ಸ್ ಹೇಳಿದ್ದೇನೆ. ಹಂಝನ ಹೆಂಡತಿ ಝುಬೈದಾ ಹೊಸ ಬಟ್ಟೆ, ಹೊಸ ಪಾತ್ರೆ ಯಾವುದನ್ನೂ ಮನೆಗೆ ತರಲಿಲ್ಲ, ಇದ್ದದ್ದನ್ನು ಮಾರಲೂ ಇಲ್ಲ. ಸಫಾ ಓದುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು, ಯಾರೂ ಹೇಳಿರಲಿಲ್ಲ.

ಜನವರಿಯಲ್ಲಿ ಹಂಝನ ಮೊಬೈಲಿಗೆ ವೀಸಾದ ಸಂದೇಶ ಬಂತು. ಖಲಾಸ್, ಕ್ಯಾನ್ಸಲ್. ಕ್ಯಾನ್ಸಲ್ ಮಾಡುವ ಗುಂಡಿಯನ್ನು ಯಾರು ಒತ್ತಿದರೆಂದು ಕೇಳಿದೆ. ಶೆಟ್ಟರು ಅರ್ಬಾಬ್ ಎಂದರು, ಎಚ್‌ಆರ್‌ನವರು ಪಿಆರ್‌ಒ ಎಂದರು, ಕಾಗದಪತ್ರದ ಕೆಲಸ ಮಾಡುವ ಆ ಪಿಆರ್‌ಒ ತನಗೆ ಬಂದ ಪಟ್ಟಿಯಲ್ಲಿ ಹೆಸರಿತ್ತು ಎಂದ. ಯಾರೂ ಒತ್ತಿರಲಿಲ್ಲ.

ಸಫಾಳನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ, ವಿಸಿಟ್ ವೀಸಾ ಮಾಡಿಸುತ್ತೇವೆ ಎಂದು ಆಲ್ಬನ್ ಅರ್ಜಿ ಹಾಕಿದರು. ಶಾಲೆಯ ಪ್ರಿನ್ಸಿಪಾಲರು ಸಹಾಯ ಮಾಡಿದರು. ಝುಬೈದಾ ಮಗಳಿಗೆ ನಮ್ಮ ಅಡುಗೆಮನೆಯಲ್ಲಿ ಏನು ತಿನ್ನಬಹುದು, ಏನು ಬಾರದು ಎಂದು ನನ್ನೆದುರೇ ಹೇಳಲು ನಾಚಿಕೊಂಡು ಬಾಗಿಲ ಬಳಿ ಕರೆದುಕೊಂಡು ಹೋಗಿ ಹೇಳಿದಳು. ನಾನು ಹೊಸ ಪಾತ್ರೆಗಳನ್ನು ತಂದು ಬೇರೆಯೇ ಇಟ್ಟೆ. ಹುಡುಗಿಗೆ ಕೋಣೆ ಗುಡಿಸಿ, ಕಿಟಕಿಯ ಹತ್ತಿರ ಮೇಜು ಹಾಕಿದೆ. ಅರ್ಜಿ ತಿರಸ್ಕೃತವಾಯಿತು. ನಾವು ಸಂಬಂಧಿಕರಲ್ಲವಲ್ಲ.

ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ದಾರಿಯುದ್ದಕ್ಕೂ ಹಂಝ ಅಂಗಡಿಗಳನ್ನು ತೋರಿಸುತ್ತಿದ್ದ. ಇವನ ಫ್ರೀಜರ್ ಹಳತು, ಇವನು ಮೋಸ ಮಾಡುದಿಲ್ಲ, ಇವನು ಬೆಳಿಗ್ಗೆ ಬೇಗ ತೆಗೆಯುತ್ತಾನೆ. ಹೊಸ ವ್ಯಾನಿನವನಿಗೆ ಹೇಳಲಿಕ್ಕೆ. ನಾನು ಹೂಂ ಎನ್ನುತ್ತಿದ್ದೆ.

ಕೌಂಟರಿನಲ್ಲಿ ತೂಕ ಹೆಚ್ಚಾಯಿತು. ಹಂಝ ನೆಲದ ಮೇಲೆ ಕೂತು ಸೂಟ್‌ಕೇಸ್ ಬಿಚ್ಚಿದ. ತನ್ನ ಬಟ್ಟೆಗಳನ್ನು ತೆಗೆದು ಹೊರಗಿಟ್ಟ, ಝುಬೈದಾಳ ಮಿಕ್ಸಿ ತೆಗೆದು ಹೊರಗಿಟ್ಟ. "ಇದೆಲ್ಲ ಊರಲ್ಲಿ ಸಿಗ್ತದೆ," ಎನ್ನುತ್ತಿದ್ದ, ಯಾರೂ ಕೇಳದಿದ್ದರೂ. ಮಗಳ ಪುಸ್ತಕಗಳ ಕಟ್ಟನ್ನು ಅವನು ಮುಟ್ಟಲಿಲ್ಲ. ಪುನಃ ತೂಗಿದರು. ಇನ್ನೂ ಹೆಚ್ಚಿತ್ತು.

ಸಫಾ ಬಗ್ಗಿ ಪುಸ್ತಕಗಳ ಕಟ್ಟನ್ನು ಎತ್ತಿಕೊಂಡಳು. ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಎಲ್ಲದಕ್ಕೂ ಕಂದು ಬೈಂಡು, ಅಂಚಿನಲ್ಲಿ ಬಣ್ಣದ ಚೀಟಿಗಳು. ತಂದೆಯ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಸೂಟ್‌ಕೇಸಿನೊಳಗೆ ವಾಪಸು ಇಟ್ಟಳು, ತಾಯಿಯ ಮಿಕ್ಸಿಯನ್ನೂ ಇಟ್ಟಳು. ಆಮೇಲೆ ಕಟ್ಟನ್ನು ನನ್ನ ಕೈಗೆ ಕೊಟ್ಟಳು.

"ಆಂಟಿ, ಇದನ್ನು ಈ ವರ್ಷ ಬರೆಯುವ ಯಾರಿಗಾದರೂ ಕೊಡಿ," ಎಂದಳು ಇಂಗ್ಲಿಷಿನಲ್ಲಿ. "ಮುಖ್ಯವಾದದ್ದಕ್ಕೆಲ್ಲ ನಾನು ಗುರುತು ಹಾಕಿದ್ದೇನೆ."